ಐದು ತಿಂಗಳ ಕೂಸನ್ನು ಯಾರ ಕೈಗೆ ಕೊಡಲಿ?

ಪ್ರಶ್ನೆ: ನಮ್ಮ ಮನೆ ಮೈಸೂರಿನ ಬೋಗಾದಿಯಲ್ಲಿದೆ. ನಾನು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಇನ್ನೂರು ಜನ ಕೆಲಸ ಮಾಡುತ್ತೇವೆ, ಆದರೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲ. ಯಜಮಾನರು ವಾರಕ್ಕೆ ಮೂರು ದಿನ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತಾರೆ. ಮಗಳಿಗೆ ಈಗ 15 ವಾರ. ಹೆರಿಗೆಗೆ 4 ವಾರ ಮುಂಚೆಯೇ ರಜೆ ಹಾಕಿದ್ದರಿಂದ ಇನ್ನು 7 ವಾರಕ್ಕೆ ರಜೆ ಮುಗಿಯುತ್ತದೆ. ನನಗೆ ಅಮ್ಮ ಇಲ್ಲ. ಅತ್ತೆ ಮಂಡ್ಯ ಹತ್ತಿರದ ಹಳ್ಳಿಯಲ್ಲಿದ್ದಾರೆ. ಎರಡು ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾರೆ, ಮೊಣಕಾಲು ನೋವು ಬೇರೆ. ಮಗುವನ್ನು ಒಂದು ವರ್ಷ ಊರಲ್ಲೇ ಬಿಡೋಣ ಅನ್ನುತ್ತಾರೆ ಯಜಮಾನರು. ಡೇ ಕೇರ್‌ಗೆ ಹಾಕೋದಾ, ಮನೆಗೇ ಆಯಾ ಇಟ್ಟುಕೊಳ್ಳೋದಾ, ಅತ್ತೆಯವರನ್ನೇ ಕರೆಸೋದಾ? ಇಷ್ಟು ಚಿಕ್ಕ ಕೂಸನ್ನು ಬಿಟ್ಟು ಹೋಗುವುದು ತಪ್ಪಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ತಲೆಯಲ್ಲಿ ಕೊರೆಯುತ್ತಿದ್ದರೆ ಮಿಕ್ಕಿದ್ದು ಯಾವುದೂ ಕಿವಿಗೆ ಬೀಳುವುದಿಲ್ಲ. ತಪ್ಪಲ್ಲ ಕಣಮ್ಮ.

ನಾನು ಕೆಲಸಕ್ಕೆ ಸೇರಿದ್ದು ಟಿ. ನರಸೀಪುರ ತಾಲ್ಲೂಕಿನಲ್ಲಿ, ಅಂಗನವಾಡಿ ಮೇಲ್ವಿಚಾರಕಿಯಾಗಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಿಂದ ಆರಿಸಿದ್ದು ಅದೇ ತಾಲ್ಲೂಕನ್ನು. ನಾನು ಹೋದದ್ದು ಅದಾಗಿ ಹತ್ತು ವರ್ಷಕ್ಕೆ. ನಾಟಿ ಕಾಲದಲ್ಲಿ ತಲಕಾಡು ಕಡೆಯ ಹಳ್ಳಿಗಳಿಗೆ ಹೋದರೆ ಗದ್ದೆ ಬದುವಿನ ಹೊಂಗೆ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿರುತ್ತಿದ್ದರು. ಒಂದರಲ್ಲಿ ಮೂರು ತಿಂಗಳ ಕೂಸು, ಇನ್ನೊಂದರಲ್ಲಿ ಎಂಟು ತಿಂಗಳದ್ದು. ಕೆಳಗೆ ಒಬ್ಬರು ಅಜ್ಜಿ ಕಾಲು ಚಾಚಿ ಕೂತಿರುತ್ತಿದ್ದರು. ಒಂದು ಜೋಲಿಯನ್ನು ಕೈಯಲ್ಲಿ ತೂಗುವುದು, ಇನ್ನೊಂದರ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ತೂಗುವುದು. ಕೂಸು ಹಸಿದು ಅತ್ತರೆ ಗದ್ದೆ ಕಡೆಗೆ ಒಂದು ಕೂಗು. ತಾಯಿ ಕಾಲುವೆಯಲ್ಲಿ ಕೈ ತೊಳೆದುಕೊಂಡು ಬಂದು, ಹಾಲು ಕುಡಿಸಿ, ಮತ್ತೆ ನಾಟಿ ಸಾಲಿಗೆ ಇಳಿಯುತ್ತಿದ್ದಳು.

ನಮ್ಮ ಸೀಮೆಯ ಹೆಂಗಸರು ಮಗು ಹುಟ್ಟಿತು ಅಂತ ಮನೆಯಲ್ಲಿ ಕೂತವರಲ್ಲ. ನಿಮ್ಮ ಅತ್ತೆಯವರನ್ನೇ ಕೇಳಿ ನೋಡಿ, ನಿಮ್ಮ ಯಜಮಾನರು ಕೂಸಾಗಿದ್ದಾಗ ಗದ್ದೆ ಕೆಲಸ ಯಾರು ಮಾಡುತ್ತಿದ್ದರು ಅಂತ. ಆ ಅಜ್ಜಿಯ ಹತ್ತಿರ ನಾನು ಕಂಡದ್ದು ಇಷ್ಟೇ: ನಾಟಿ ಮುಗಿಯುವವರೆಗೂ ದಿನಾ ಅವರೇ ಬರುತ್ತಿದ್ದರು. ಕೂಸುಗಳಿಗೆ ಅವರ ದನಿ ಗೊತ್ತಿತ್ತು, ಅವರ ಎಲೆ ಅಡಿಕೆ ವಾಸನೆ ಗೊತ್ತಿತ್ತು, ಎತ್ತಿಕೊಳ್ಳುವ ರೀತಿ ಗೊತ್ತಿತ್ತು. ಮೂವತ್ತು ವರ್ಷಕ್ಕೂ ಜಾಸ್ತಿ ಈ ಕೆಲಸದಲ್ಲಿದ್ದು ನಾನು ನಂಬಿರುವುದು ಅದನ್ನೇ. ಕೂಸಿಗೆ ದಿನಾ ಅದೇ ಕೈ ಬೇಕು. ಡೇ ಕೇರಾ, ಆಯಾನಾ, ಅತ್ತೆಯಾ ಅನ್ನುವುದನ್ನು ಈ ಒಂದು ಮಾತಿಟ್ಟುಕೊಂಡು ತೂಗಿ ನೋಡೋಣ.

ಮೊದಲು ನಿಮ್ಮ ವಾರಗಳ ಲೆಕ್ಕ. ಕಾನೂನಿನಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಜನ ಇದನ್ನು ಆರು ತಿಂಗಳು ಅಂತಲೇ ಹೇಳುತ್ತಾರೆ. ಆದರೆ ಹೆರಿಗೆಗೆ ಮುಂಚೆ ಹಾಕಿದ ವಾರಗಳೂ ಅದರೊಳಗೇ ಸೇರುತ್ತವೆ. ಹಾಗಾಗಿ ನೀವು ಕೆಲಸಕ್ಕೆ ಹೋಗುವ ದಿನ ಮಗಳಿಗೆ 22 ವಾರ, ಅಂದರೆ ಐದು ತಿಂಗಳು. ಶಿಶುಪಾಲನಾ ಕೇಂದ್ರಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ಕನಿಷ್ಠ ಮಾರ್ಗಸೂಚಿ 6 ತಿಂಗಳಿಂದ 6 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮಗುವಿಗೆ ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು ಅಂತ ವೈದ್ಯರೂ ಹೇಳುತ್ತಾರೆ. ಅಂದರೆ ನಿಮಗೆ ನಡುವೆ ಒಂದು ತಿಂಗಳು ಅಡಚಣೆಯದ್ದು. ಈ ಒಂದು ತಿಂಗಳನ್ನು ಹೇಗೆ ದಾಟುತ್ತೀರಿ ಅನ್ನುವುದೇ ಈಗಿನ ಮೊದಲ ಕೆಲಸ.

ಇನ್ನೊಂದು ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಏಳೆಂಟು ತಿಂಗಳಿಗೆ ಮಗುವಿಗೆ ನಮ್ಮವರು, ಬೇರೆಯವರು ಅನ್ನುವ ಗುರುತು ಗಟ್ಟಿಯಾಗುತ್ತದೆ. ತಾಯಿ ಕಣ್ಣಿಂದ ಮರೆಯಾದರೆ ಗಾಬರಿ. ಹೊಸ ಮುಖ ಕಂಡರೆ ಅಳು. ಹತ್ತು ತಿಂಗಳಿಂದ ಒಂದೂವರೆ ವರ್ಷದವರೆಗೆ ಅದು ಜೋರು. ಇದು ಒಳ್ಳೆಯ ಬೆಳವಣಿಗೆಯೇ. ಆದರೆ ಹೊಸಬರ ಕೈಗೆ ಕೊಡಲು ಅದು ಕಷ್ಟದ ಕಾಲ. ಐದರಿಂದ ಏಳು ತಿಂಗಳ ನಡುವೆ ಒಂದು ಕೈಗೆ ಹೊಂದಿಕೊಂಡ ಮಗು ಆ ಕಷ್ಟದ ಕಾಲವನ್ನು ಅದೇ ಕೈಯಲ್ಲಿ ದಾಟುತ್ತದೆ. 'ಒಂದು ವರ್ಷ ಆಗಲಿ, ಆಮೇಲೆ ಹಾಕೋಣ' ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಇದೇ ಕಾರಣಕ್ಕೆ ಮಗುವನ್ನು ವರ್ಷವಿಡೀ ಊರಲ್ಲಿ ಬಿಡುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ಎದೆಹಾಲು ನಿಂತುಹೋಗುವುದು ಒಂದು. ಅದಕ್ಕಿಂತ ದೊಡ್ಡದು, ಮಗಳು ಅಷ್ಟರಲ್ಲಿ ಅಜ್ಜಿಯನ್ನೇ ತಾಯಿ ಅಂದುಕೊಂಡಿರುತ್ತಾಳೆ. ಸುಮಾರು ಒಂದೂವರೆ ವರ್ಷಕ್ಕೆ, ಅಗಲಿಕೆಯ ಭಯ ಇನ್ನೂ ಜೋರಾಗಿರುವಾಗ, ನೀವು ಅವಳನ್ನು ಆ ಮಡಿಲಿನಿಂದ ಕಿತ್ತುಕೊಂಡು ಬರುತ್ತೀರಿ. ಅಜ್ಜಿಗೂ ಸಂಕಟ, ಮಗುವಿಗೂ ಸಂಕಟ. ನಿಮ್ಮ ಯಜಮಾನರಿಗೆ ಇದನ್ನು ಸಮಾಧಾನವಾಗಿ ಹೇಳಿ. ಅವರು ಒಳ್ಳೆಯದಕ್ಕೇ ಹೇಳಿದ್ದಾರೆ, ಲೆಕ್ಕ ಗೊತ್ತಿರಲಿಲ್ಲ ಅಷ್ಟೇ.

ಅತ್ತೆಯವರನ್ನು ಕರೆಸಿ, ಆದರೆ ಒಂದೂವರೆ ತಿಂಗಳಿಗೆ ಮಾತ್ರ. ಐದು ತಿಂಗಳ ಮಗು ಮಲಗಿಸಿದ ಕಡೆ ಮಲಗಿರುತ್ತದೆ, ಹೆಚ್ಚೆಂದರೆ ಮಗುಚಿಕೊಳ್ಳುತ್ತದೆ. ಮೊಣಕಾಲು ನೋವಿನವರೂ ನೋಡಿಕೊಳ್ಳಬಹುದು. ಒಂಬತ್ತು ತಿಂಗಳಿಗೆ ಅಂಬೆಗಾಲಿಡಲು ಶುರುಮಾಡಿದ ಮೇಲೆ ಹಿಂದೆ ಓಡುವುದಕ್ಕೆ ಅವರ ಕೈಲಾಗುವುದಿಲ್ಲ. ಒಪ್ಪಿಕೊಂಡರೂ ಒಳಗೊಳಗೇ ನೋವು ನುಂಗುತ್ತಾರೆ. ಮತ್ತೊಂದು ಮಾತು. ಆ ಎರಡು ಹಸುವಿನ ಹಾಲಿನ ದುಡ್ಡು ಅವರ ಸ್ವಂತ ದುಡ್ಡು. ಯಾರ ಮುಂದೂ ಕೈ ಚಾಚದೆ ಬದುಕುವ ಧೈರ್ಯ ಅವರಿಗೆ ಅದರಿಂದ ಬಂದಿದೆ. ನಿಮ್ಮ ಕೆಲಸ ನಿಮಗೆ ಹೇಗೋ ಅವರ ಹಸು ಅವರಿಗೆ ಹಾಗೆ. ಹಸು ಮಾರಿ ಬನ್ನಿ ಅಂತ ಯಾರೂ ಅವರಿಗೆ ಹೇಳಬಾರದು. ಒಂದೂವರೆ ತಿಂಗಳಾದರೆ ಪಕ್ಕದ ಮನೆಯವರೋ ನೆಂಟರೋ ಹಾಲು ಕರೆದು ಹಾಕುತ್ತಾರೆ.

ಇನ್ನು ಆಯಾನಾ, ಡೇ ಕೇರಾ? ಮನೆಯಲ್ಲಿ ಹಿರಿಯರು ಯಾರಾದರೂ ಇದ್ದಿದ್ದರೆ ಆಯಾ ಇಟ್ಟುಕೊಳ್ಳಿ ಅನ್ನುತ್ತಿದ್ದೆ. ಕೆಲಸ ಆಯಾದು, ಕಣ್ಣು ಅಜ್ಜಿಯದು, ಅದು ಬಹಳ ಚೆನ್ನಾಗಿ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ. ಒಬ್ಬ ಹೆಂಗಸು ಒಂಟಿಯಾಗಿ ಮುಚ್ಚಿದ ಮನೆಯಲ್ಲಿ ಒಂಬತ್ತು ಹತ್ತು ಗಂಟೆ ಕೂಸಿನ ಜೊತೆ ಇರುವುದು ಅವರಿಗೂ ಕಷ್ಟವೇ. ಅವರಿಗೆ ಜ್ವರ ಬಂದ ದಿನ, ಅವರ ಊರಿನಲ್ಲಿ ಹಬ್ಬ ಬಂದ ದಿನ ನಿಮ್ಮ ಕೆಲಸ ನಿಲ್ಲುತ್ತದೆ. ಹಾಗಾಗಿ ನಿಮಗೆ ನನ್ನ ಸಲಹೆ ಹತ್ತು ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಇಲ್ಲದ, ಮನೆಯ ಥರದ ಚಿಕ್ಕ ಡೇ ಕೇರ್. ನಮ್ಮ ಮೈಸೂರಿನಲ್ಲಿ 'ಬೇಬಿ ಸಿಟ್ಟಿಂಗ್' ಅನ್ನುತ್ತಾರಲ್ಲ, ಅಂಥದ್ದು. ಅದೂ ಬೋಗಾದಿಯಲ್ಲಿ ಬೇಡ, ನಿಮ್ಮ ಕಂಪನಿಗೆ ಹತ್ತಿರ ಇರಲಿ. ಹೆಬ್ಬಾಳ, ವಿಜಯನಗರ, ಮೇಟಗಳ್ಳಿ, ಒಂಟಿಕೊಪ್ಪಲ್ ಕಡೆ ಹುಡುಕಿ. ಮಧ್ಯಾಹ್ನ ಹೋಗಿ ಹಾಲು ಕುಡಿಸಿ ಬರಬಹುದು. ಜ್ವರ ಅಂತ ಫೋನ್ ಬಂದರೆ ಹತ್ತು ನಿಮಿಷಕ್ಕೆ ತಲುಪಬಹುದು. ಎರಡು ವರ್ಷ ಆದಮೇಲೆ ಬೇಕಿದ್ದರೆ ಮನೆ ಹತ್ತಿರದ ಪ್ಲೇ ಹೋಮ್ ನೋಡಿ.

ಹುಡುಕುವುದು ಹೇಗೆ? ಗೂಗಲ್‌ನಲ್ಲಿ ನಕ್ಷತ್ರ ಎಣಿಸಬೇಡಿ. ಆ ಬಡಾವಣೆಯ ಅಂಗನವಾಡಿಗೆ ಹೋಗಿ ಕಾರ್ಯಕರ್ತೆಯನ್ನು ಕೇಳಿ. ಮನೆ ಮನೆ ಸುತ್ತುವವರು ಅವರು. ಯಾವ ಮನೆಯಲ್ಲಿ ಯಾರು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಯಾರ ಕೈಯಲ್ಲಿ ಮಕ್ಕಳು ಮೈತುಂಬಿಕೊಂಡಿವೆ, ಯಾರ ಮನೆಯಲ್ಲಿ ಇಡೀ ದಿನ ಟಿ.ವಿ. ಓಡುತ್ತದೆ, ಅವರಿಗೆ ಗೊತ್ತಿರುತ್ತದೆ. ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು. ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ಸಾಲಿನಲ್ಲಿ ಕೂತ ತಾಯಂದಿರ ಹತ್ತಿರ ಮಾತಾಡಿ. ಒಂದೇ ಹೆಸರು ಮೂರು ಜನರ ಬಾಯಲ್ಲಿ ಬಂದರೆ ಹೋಗಿ ನೋಡಿ.

ಅಂಗನವಾಡಿಗೇ ಬಿಡಬಹುದಾ ಅಂತ ಕೆಲವರು ಕೇಳುತ್ತಾರೆ. ದಿನದ ಕಲಿಕೆ ಅಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ. ಕೂಸುಗಳನ್ನೂ ಇಟ್ಟುಕೊಳ್ಳುವ ಅಂಗನವಾಡಿ ಕೇಂದ್ರಗಳು 'ಪಾಲನಾ' ಯೋಜನೆಯಲ್ಲಿ ಬರುತ್ತಿವೆ. ನಿಮ್ಮ ವಾರ್ಡಿನಲ್ಲಿ ಇದೆಯಾ ಅಂತ ಕೇಳಿ. ಇಲ್ಲದಿದ್ದರೂ ಮಗುವಿನ ಹೆಸರು ಬರೆಸಿ. ತೂಕ ನೋಡುತ್ತಾರೆ, 6 ತಿಂಗಳಾದ ಮೇಲೆ ಪೌಷ್ಟಿಕ ಆಹಾರ ಮನೆಗೆ ಕೊಡುತ್ತಾರೆ. ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಇದನ್ನು ಓದುತ್ತಿರುವವರು ತಮ್ಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಇದೆಯಾ ವಿಚಾರಿಸಿ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರನ್ನು ನೆನೆದು ರಾಜ್ಯ ಸರ್ಕಾರ 2023ರಲ್ಲಿ 4000 ಪಂಚಾಯಿತಿಗಳಿಗೆ ಘೋಷಿಸಿದ್ದು ಅದು.

ಜಾಗ ನೋಡಲು ಹೋಗುವಾಗ ಹೇಳಿ ಹೋಗಬೇಡಿ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹೋಗಿ. ಊಟದ ಹೊತ್ತಿನಲ್ಲಿ ಯಾವುದನ್ನೂ ಮುಚ್ಚಿಡಲು ಆಗುವುದಿಲ್ಲ.

ಹೋದ ವರ್ಷ ಗೆಳತಿಯ ಮಗಳ ಜೊತೆ ಒಂದೇ ದಿನ ಎರಡು ಜಾಗ ನೋಡಿದೆ. ಮೊದಲನೆಯದರಲ್ಲಿ ಗೋಡೆ ತುಂಬ ಬಣ್ಣದ ಚಿತ್ರ, ನೆಲಕ್ಕೆ ಹಸಿರು ಮ್ಯಾಟು, ಮೂಲೆ ಮೂಲೆಗೆ ಕ್ಯಾಮೆರಾ. ನಾಲ್ಕು ಮಕ್ಕಳನ್ನು ಸಾಲಾಗಿ ಕುರ್ಚಿಗೆ ಕಟ್ಟಿ ಕೂರಿಸಿದ್ದರು. ಒಂದು ತಟ್ಟೆ, ಒಂದು ಚಮಚ. ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ ಅನ್ನ ಸಾರಿನ ಚಮಚವನ್ನು ಒಂದು ಬಾಯಿಂದ ಇನ್ನೊಂದು ಬಾಯಿಗೆ ಸಾಲಾಗಿ ಇಡುತ್ತಿದ್ದಳು, ಎಡಗೈಯಲ್ಲಿ ಫೋನು. ಒಂದು ಮಗು ಬಾಯಿ ತಿರುಗಿಸಿತು. ಚಮಚ ಮುಂದಿನ ಮಗುವಿಗೆ ಹೋಯಿತು. ಅದು ಯಾಕೆ ತಿರುಗಿಸಿತು ಅಂತ ನೋಡುವವರು ಯಾರೂ ಇರಲಿಲ್ಲ.

ಎರಡನೆಯದು ಒಂಟಿಕೊಪ್ಪಲಿನ ಒಂದು ಹಳೇ ಮನೆ. ರೆಡ್ ಆಕ್ಸೈಡ್ ನೆಲ, ಹೊರಗೆ ಒಣಗಿಹಾಕಿದ ಬಟ್ಟೆ, ಅಡುಗೆ ಮನೆಯಿಂದ ತೊವ್ವೆ ಬೇಯುವ ವಾಸನೆ. ನೋಡಲು ಏನೂ ಇಲ್ಲ. ಚಾಪೆ ಮೇಲೆ ಒಂದು ಆರೇಳು ತಿಂಗಳ ಮಗು ಮಲಗಿತ್ತು. ಐವತ್ತು ದಾಟಿದ ಆಯಾ ಬಗ್ಗಿ ಅದರ ಕೆನ್ನೆ ಮುಟ್ಟಿ, 'ಬಾ ಪುಟ್ಟಿ, ಒದ್ದೆ ಮಾಡ್ಕೊಂಡಿದೀಯಲ್ಲ, ಬಟ್ಟೆ ಬದಲಾಯಿಸೋಣ್ವಾ' ಅಂದರು. ಅಂದು ಒಂದು ಗಳಿಗೆ ಕಾದರು. ಮಗು ಎರಡೂ ಕೈ ಮೇಲಕ್ಕೆತ್ತಿತು. ಆಮೇಲೆ ಎತ್ತಿಕೊಂಡರು.

ನೀವು ನೋಡಬೇಕಾದ್ದು ಆ ಕೈಗಳನ್ನು. ಆಯಾ ಹತ್ತಿರ ಬಂದಾಗ ಮಗು ಕೈ ಎತ್ತುತ್ತದಾ? ಅಥವಾ ಮೈ ಬಿಗಿ ಮಾಡಿಕೊಳ್ಳುತ್ತದಾ? ಅಲ್ಲಿಂದ ಹೊರಗೆ ಬರುವಾಗ ಸಂಪಿನ ಮುಚ್ಚಳ ಬಿರುಕು ಬಿಟ್ಟಿದ್ದು ಕಣ್ಣಿಗೆ ಬಿತ್ತು. ಮನೆಯವರಿಗೆ ಹೇಳಿದೆವು. ಅದೇ ವಾರ ಬದಲಾಯಿಸಿದರು. ಅದನ್ನು ನೋಡಿದ ಮೇಲೆಯೇ ಮಗುವನ್ನು ಸೇರಿಸಿದ್ದು.

ಸಂಪಿನ ಮಾತು ಬಂತಲ್ಲ, ಒಂದಿಷ್ಟು ಹೇಳಿಬಿಡುತ್ತೇನೆ. ಮನೆಯ ಥರದ ಜಾಗದಲ್ಲಿ ಮನೆಯ ಥರದ ಅಪಾಯಗಳೇ ಇರುತ್ತವೆ. ಸಂಪಿಗೆ ಗಟ್ಟಿ ಮುಚ್ಚಳ, ಅದರ ಮೇಲೆ ಬೀಗ. ಬಚ್ಚಲಿನಲ್ಲಿ ನೀರು ತುಂಬಿದ ಬಕೆಟ್ ಇರಬಾರದು. ನಡೆಯಲು ಕಲಿಯುವ ಮಗುವಿಗೆ ಅರ್ಧ ಬಕೆಟ್ ನೀರೂ ಸಾವು ತರಬಲ್ಲದು. ಮೆಟ್ಟಿಲಿಗೆ ತಡೆ, ಗೇಟಿಗೆ ಮೇಲಿನ ಅಗುಳಿ, ಮಕ್ಕಳು ಇರುವ ಕೋಣೆಯಲ್ಲಿ ಗ್ಯಾಸ್ ಒಲೆ ಬೇಡ. ಮಗುವನ್ನು ಅಂಗಾತ ಮಲಗಿಸುತ್ತಾರಾ ನೋಡಿ. ದಿಂಬು, ದಪ್ಪ ರಗ್ಗು ಯಾವುದೂ ಬೇಡ. ತಲೆ ದುಂಡಗಾಗಲಿ ಅಂತ ನಾವು ಇಡುವ ಸಾಸಿವೆ ದಿಂಬೂ ಬೇಡ.

ಎಷ್ಟು ಮಕ್ಕಳಿಗೆ ಒಬ್ಬರು ಅಂತ ಕೇಳಲೇಬೇಕು. ಸರ್ಕಾರದ ಮಾರ್ಗಸೂಚಿಯಲ್ಲಿ 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ಅಂತಿದೆ. ಅದು ಕನಿಷ್ಠ. ನನ್ನನ್ನು ಕೇಳಿದರೆ ನಡೆಯದ ಕೂಸುಗಳು ಒಬ್ಬ ಆಯಾ ಕೈಯಲ್ಲಿ ಮೂರಕ್ಕಿಂತ ಜಾಸ್ತಿ ಇರಬಾರದು. ಒಂದಕ್ಕೆ ಹಾಲು ಕುಡಿಸುವಾಗ ಇನ್ನೊಂದು ಅಳುತ್ತದೆ, ಮೂರನೆಯದು ಒದ್ದೆ. ನಾಲ್ಕನೆಯದನ್ನು ನೋಡುವವರು ಯಾರು? ಅದಕ್ಕಿಂತ ಮುಖ್ಯವಾದ ಪ್ರಶ್ನೆ, 'ಈ ಆಯಾ ನಿಮ್ಮ ಹತ್ತಿರ ಎಷ್ಟು ವರ್ಷದಿಂದ ಇದ್ದಾರೆ?' ಎರಡು ವರ್ಷ ಅಂದರೆ ನೆಮ್ಮದಿ. ಹೋದ ತಿಂಗಳು ಬಂದರು ಅಂದರೆ, ಹಿಂದಿನವರು ಯಾಕೆ ಬಿಟ್ಟರು ಅಂತ ಕೇಳಿ. ಆಯಾಗಳಿಗೆ ಸರಿಯಾಗಿ ಸಂಬಳ ಕೊಡದ ಕಡೆ, ಕೂತು ಊಟ ಮಾಡಲು ಬಿಡದ ಕಡೆ ಯಾರೂ ನಿಲ್ಲುವುದಿಲ್ಲ. ಯಾರೂ ನಿಲ್ಲದ ಕಡೆ ನಿಮ್ಮ ಮಗುವಿಗೆ ಅದೇ ಕೈ ಸಿಗುವುದಿಲ್ಲ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನನಗೆ ಮೈಸೂರಿಗೆ ವರ್ಗವಾದಾಗ ಮಗನಿಗೆ ಒಂಬತ್ತು ತಿಂಗಳು. ಒಳ್ಳೆಯ ಹೆಸರಿದ್ದ ಒಂದು ಕಡೆ ಸೇರಿಸಿದೆ. ಎರಡು ತಿಂಗಳಲ್ಲಿ ಅವನನ್ನು ನೋಡಿಕೊಳ್ಳುವವರು ಮೂರು ಸಲ ಬದಲಾದರು. ಮೊದಲು ಅಳುತ್ತಿದ್ದ. ಆಮೇಲೆ ಅಳುವುದನ್ನೂ ಬಿಟ್ಟ. ಬಿಟ್ಟ ಕಡೆ ಕೂತಿರುತ್ತಿದ್ದ. ಹೊಂದಿಕೊಂಡಿದ್ದಾನೆ ಅಂದರು ಅವರು, ನಾನೂ ನಂಬಿದೆ. ಒಂದು ದಿನ ಅವನನ್ನು ಅಂಗನವಾಡಿಯ ತಕ್ಕಡಿಯಲ್ಲಿ ಕೂರಿಸಿ ತೂಕ ನೋಡಿ ಬೆಳವಣಿಗೆ ಚಾರ್ಟಿನಲ್ಲಿ ಚುಕ್ಕೆ ಇಟ್ಟೆ. ಸಾವಿರಾರು ಮಕ್ಕಳಿಗೆ ಇಟ್ಟಿದ್ದ ಚುಕ್ಕೆ. ನನ್ನ ಮಗನ ಗೆರೆ ಕೆಳಕ್ಕೆ ಇಳಿದಿತ್ತು. ಪೆನ್ಸಿಲ್ ಹಿಡಿದ ಕೈ ನಡುಗಿತು. ಮಾರನೇ ದಿನವೇ ಬಿಡಿಸಿದೆ. ಮುಂದಿನ ರಸ್ತೆಯ ಒಬ್ಬ ಹೆಂಗಸು ತಮ್ಮ ಮನೆಯಲ್ಲಿ ನೋಡಿಕೊಂಡರು, ಮೂರು ವರ್ಷ ತುಂಬುವವರೆಗೂ ಅವರೊಬ್ಬರೇ. ಅವನ ಮದುವೆಯಲ್ಲಿ ನನ್ನ ಪಕ್ಕದಲ್ಲಿ ನಿಂತು ಅಕ್ಷತೆ ಹಾಕಿದವರು ಅವರು.

ಹಾಗಾಗಿ ಅಳುವ ಮಗುವನ್ನು ನೋಡಿ ಹೆದರಬೇಡಿ. ಸುಮ್ನೆ ಕೂತಿರುವ ಮಗುವನ್ನು ನೋಡಿದರೆ ಹುಷಾರಾಗಿ. ಊಟ ಬಿಡುವುದು, ತೂಕ ನಿಲ್ಲುವುದು, ದಿನಾ ಸಂಜೆ ಮಂಪರಾಗಿರುವುದು, ಆಯಾ ಕಂಡರೆ ಮೈ ಸೆಟೆದುಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಕೇಳಿ. ಮಲಗಲಿ ಅಂತ ಕೆಮ್ಮಿನ ಸಿರಪ್ ಕೊಟ್ಟಿದ್ದನ್ನು ನಾನು ಕಂಡಿದ್ದೇನೆ. ಔಷಧಿ, ಗ್ರೈಪ್ ವಾಟರ್, ತೇಯ್ದ ಬಜೆ, ಏನೇ ಆಗಲಿ ನಿಮ್ಮನ್ನು ಕೇಳದೆ ಬಾಯಿಗೆ ಹಾಕಕೂಡದು ಅಂತ ಮೊದಲ ದಿನವೇ ಬರೆದು ಕೊಡಿ. ಮಗುವಿಗೆ ಹೊಡೆತ, ಕಿರುಕುಳ ಆಗಿದೆ ಅನ್ನಿಸಿದರೆ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ಕ್ಯಾಮೆರಾ ಇದ್ದರೆ ಇರಲಿ, ಆದರೆ ಇಡೀ ದಿನ ಫೋನ್‌ನಲ್ಲಿ ಅದನ್ನೇ ನೋಡುತ್ತಾ ಕೂತರೆ ನಿಮಗೆ ಕೆಲಸವೂ ಇಲ್ಲ, ನೆಮ್ಮದಿಯೂ ಇಲ್ಲ. ವಾರಕ್ಕೊಮ್ಮೆ ಹೊತ್ತಲ್ಲದ ಹೊತ್ತಿಗೆ ಹೋಗಿ ಬನ್ನಿ. ಯಾವಾಗ ಬೇಕಾದರೂ ಒಳಗೆ ಬಿಡುವುದಿಲ್ಲ ಅನ್ನುವ ಕಡೆ ಸೇರಿಸಲೇಬೇಡಿ.

ಟಿ.ವಿ., ಮೊಬೈಲು ಎರಡು ವರ್ಷದವರೆಗೆ ಬೇಡವೇ ಬೇಡ ಅಂತ ಭಾರತೀಯ ಮಕ್ಕಳ ತಜ್ಞರ ಸಂಘವೇ ಹೇಳಿದೆ. ಮಾತು ಕಲಿಯುವುದು ಮುಖ ನೋಡಿ. ಮುಂದೆ ಮಾತು ತಡವಾಗಿದೆ ಅನ್ನಿಸಿದರೆ ನಮ್ಮೂರಲ್ಲೇ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ತಡಮಾಡದೆ ತೋರಿಸಿ.

ಈಗ ಹಾಲಿನ ವಿಷಯ. ಇದನ್ನು ಕೆಲಸಕ್ಕೆ ಸೇರುವ ಹಿಂದಿನ ದಿನ ಯೋಚಿಸುವವರೇ ಜಾಸ್ತಿ. ನೀವು ಎರಡು ಮೂರು ವಾರ ಮೊದಲೇ ಶುರು ಮಾಡಿ. ದಿನಾ ಬೆಳಿಗ್ಗೆ ಮಗು ಕುಡಿದ ಮೇಲೆ ಒಂದು ಸಲ ಹಿಂಡಿ ಇಡಿ. ಮೊದಲ ದಿನ ಎರಡು ಚಮಚ ಬರಬಹುದು, ಬೇಜಾರಾಗಬೇಡಿ. ಕೈಯಲ್ಲಾದರೂ ಸರಿ, ಪಂಪಿನಲ್ಲಾದರೂ ಸರಿ, ದಿನ ಕಳೆದಂತೆ ಬರುತ್ತದೆ. ಹಿಂಡಿದ ಹಾಲು ಫ್ರಿಜ್‌ನಲ್ಲಿ 4 ದಿನ ಇರುತ್ತದೆ, ಬಾಗಿಲ ಕಡೆ ಇಡದೆ ಒಳಗಡೆ ಇಡಿ. ಹೊರಗೆ 4 ಗಂಟೆ. ಅದೂ ತಂಪಾದ ಕೋಣೆಯಲ್ಲಿ, ಮೈಸೂರಿನ ಏಪ್ರಿಲ್ ಬಿಸಿಲಿನಲ್ಲಿ ಅಷ್ಟು ಹೊತ್ತು ಇಡಬೇಡಿ. ಕುಡಿಸುವಾಗ ಡಬ್ಬಿಯನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ಒಲೆ ಮೇಲೆ ಕುದಿಸುವುದು ಬೇಡ, ಮೈಕ್ರೋವೇವ್ ಬೇಡ. ಕುಡಿದು ಮಿಕ್ಕಿದ್ದನ್ನು 2 ಗಂಟೆಯೊಳಗೆ ಚೆಲ್ಲಿಬಿಡಿ.

ಬಾಟಲಿಗಿಂತ ಒಳಲೆ, ಅಂದರೆ ಮೂತಿ ಇರುವ ಪುಟ್ಟ ಬಟ್ಟಲು, ಒಳ್ಳೆಯದು. ತೊಳೆಯುವುದು, ಕುದಿಸುವುದು ಸುಲಭ. ಅತ್ತೆಯವರಿಗೆ ಒಳಲೆ ಹಿಡಿಯುವುದು ಚೆನ್ನಾಗಿ ಬರುತ್ತದೆ, ನೋಡುತ್ತಿರಿ. ಅವರು ಡೇ ಕೇರ್‌ನ ಆಯಾಗೂ ತೋರಿಸಿಕೊಡಲಿ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ತೊವ್ವೆ ಅನ್ನ. ಯಾವುದೇ ಹೊಸ ಊಟವನ್ನು ಶನಿವಾರ ಭಾನುವಾರ ಮನೆಯಲ್ಲಿ ಕೊಟ್ಟು ನೋಡಿ, ಒಗ್ಗಿದ ಮೇಲೆ ಡೇ ಕೇರ್‌ಗೆ ಹೇಳಿ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು, ಉಪ್ಪು ಸಕ್ಕರೆಯೂ ಬೇಡ.

ಕಂಪನಿಯ ಹತ್ತಿರ ನಿಮಗೆ ಹಕ್ಕಿನ ಕೆಲವು ವಿಷಯಗಳಿವೆ, ಸಂಕೋಚ ಬಿಟ್ಟು ಕೇಳಿ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವು ಕೊಡಬೇಕು. ಅದು ಊಟದ ವಿರಾಮದ ಹೊರತಾಗಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ಪ್ರಕಾರ 50 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಲೇಬೇಕು. ಗಂಡಸರು ಹೆಂಗಸರು ಎಲ್ಲ ಸೇರಿ 50. ತಾಯಿ ದಿನಕ್ಕೆ 4 ಸಲ ಹೋಗಿ ಮಗು ನೋಡಿಬರಬಹುದು. ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ 50ರ ಲೆಕ್ಕವೇ ಇದೆ. ನಿಮ್ಮಲ್ಲಿ ಇನ್ನೂರು ಜನ. ಕೇಂದ್ರವನ್ನು ಕಂಪನಿ ಒಳಗೇ ಕಟ್ಟಬೇಕು ಅಂತಿಲ್ಲ, ಹತ್ತಿರದ ಬೇರೆ ಕಂಪನಿಗಳ ಜೊತೆ ಸೇರಿಯೂ ಮಾಡಬಹುದು. ಒಬ್ಬರೇ ಹೋಗಬೇಡಿ, ಚಿಕ್ಕ ಮಕ್ಕಳಿರುವ ನಾಲ್ಕು ಜನ ತಾಯಂದಿರು, ಒಬ್ಬಿಬ್ಬರು ತಂದೆಯರು ಸೇರಿ ಎಚ್.ಆರ್.ಗೆ ಬರೆದು ಕೊಡಿ, ನಕಲು ಇಟ್ಟುಕೊಳ್ಳಿ. ಆಗುವವರೆಗೆ ಡೇ ಕೇರ್ ಖರ್ಚಿನಲ್ಲಿ ಪಾಲು ಕೊಡಿ ಅಂತ ಕೇಳಿ. ನಿಮ್ಮ ಮಗಳಿಗೆ ಆಗದಿದ್ದರೂ ನಿಮ್ಮ ಹಿಂದೆ ಬರುವ ಹುಡುಗಿಯರಿಗೆ ಆಗುತ್ತದೆ.

ಈಗ ಒಪ್ಪಿಸುವ ಕ್ರಮ. ಅತ್ತೆಯವರು ನಿಮ್ಮ ರಜೆ ಮುಗಿಯುವ ಹತ್ತು ದಿನ ಮೊದಲೇ ಬರಲಿ. ಆ ಹತ್ತು ದಿನದಲ್ಲಿ ದಿನಕ್ಕೆ ಒಂದು ಗಂಟೆ ಮೂವರೂ ಡೇ ಕೇರ್‌ಗೆ ಹೋಗಿ. ಮೊದಲ ಮೂರು ದಿನ ಮಗು ನಿಮ್ಮ ಮಡಿಲಲ್ಲೇ ಇರಲಿ, ಆಯಾ ಪಕ್ಕದಲ್ಲಿ ಕೂತು ಮಾತಾಡಿಸಲಿ. ಆಮೇಲೆ ಅವರು ಎತ್ತಿಕೊಳ್ಳಲಿ, ನೀವು ಕಣ್ಣ ಮುಂದೆ ಇರಿ. ನೀವು ಕೆಲಸಕ್ಕೆ ಹೋದ ಮೇಲೆ ಒಂದು ತಿಂಗಳು ಅತ್ತೆ ಮಗುವನ್ನು ಕರೆದುಕೊಂಡು ಹೋಗಿ ದಿನಕ್ಕೆ ಎರಡು ಗಂಟೆ ಅಲ್ಲಿ ಇದ್ದು ಬರಲಿ, ಆಟೋ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ. ಆರು ತಿಂಗಳು ತುಂಬಿದ ವಾರ ಅರ್ಧ ದಿನ ಬಿಟ್ಟು ಬನ್ನಿ, ಅದರ ಮುಂದಿನ ವಾರ ಪೂರ್ತಿ ದಿನ. ನೀವು ಉಟ್ಟ ಹಳೇ ಹತ್ತಿ ಸೀರೆ ಇದ್ದರೆ ಒಗೆಯದೆ ಆಯಾಗೆ ಕೊಡಿ, ಎತ್ತಿಕೊಂಡು ಹಾಲು ಕುಡಿಸುವಾಗ ಹೆಗಲ ಮೇಲೆ ಹಾಕಿಕೊಳ್ಳಲಿ. ಬಿಟ್ಟು ಬರುವಾಗ ಕದ್ದು ಓಡಿ ಬರಬೇಡಿ. ಮುಖ ನೋಡಿ ಟಾಟಾ ಹೇಳಿ, ಮುತ್ತು ಕೊಟ್ಟು, ಹೊರಡಿ. ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ತಿರುಗಿ ಬಂದರೆ ಇಬ್ಬರಿಗೂ ಹಿಂಸೆ.

ಡೇ ಕೇರ್‌ಗೆ ಸೇರಿಸಿದ ಮೊದಲ ಆರು ತಿಂಗಳು ನೆಗಡಿ, ಜ್ವರ, ಭೇದಿ ಮೇಲಿಂದ ಮೇಲೆ ಬರುತ್ತವೆ. ಹತ್ತು ಮಕ್ಕಳ ನಡುವೆ ಹೋದ ಮಗುವಿಗೆ ಇದು ತಪ್ಪಿದ್ದಲ್ಲ. ಜ್ವರ ಇದ್ದ ದಿನ ಡೇ ಕೇರ್‌ನವರು ಬೇಡ ಅಂದರೆ ಕೋಪ ಮಾಡಿಕೊಳ್ಳಬೇಡಿ, ಅವರು ಸರಿಯಾಗಿ ನಡೆಸುತ್ತಿದ್ದಾರೆ ಅಂತ ಅರ್ಥ. ತಾಯಿ ಕಾರ್ಡ್ ನೋಡಿ ಲಸಿಕೆ ಒಂದೂ ತಪ್ಪದಂತೆ ಹಾಕಿಸಿ. ಅಲ್ಲಿನ ಆಯಾಗಳಿಗೆ ಎರಡು ವಾರ ಮೀರಿದ ಕೆಮ್ಮು ಇದ್ದರೆ ಕಫ ಪರೀಕ್ಷೆ ಆಗಿದೆಯಾ ಕೇಳಿ.

ಜ್ವರದ ದಿನ ರಜೆ ಯಾರು ಹಾಕುವುದು? ಈಗಲೇ ಕೂತು ಮಾತಾಡಿಕೊಳ್ಳಿ. ನಿಮ್ಮ ಯಜಮಾನರು ಮೈಸೂರಿನಲ್ಲಿರುವ ದಿನಗಳು ಪೂರ್ತಿ ಅವರದ್ದಾಗಲಿ. ಬೆಳಿಗ್ಗೆ ಬಿಡುವುದು, ಸಂಜೆ ಕರೆತರುವುದು, ಜ್ವರ ಬಂದರೆ ಮನೆಯಲ್ಲಿ ಇರುವುದು. ಬೆಂಗಳೂರಿಗೆ ಹೋದ ದಿನ ರೈಲು ತಡವಾದರೂ ನಿಮಗೆ ತೊಂದರೆ ಆಗದಂತೆ ಆ ಮೂರು ದಿನ ನಿಮ್ಮದು. ದಸರಾ ಸಮಯದಲ್ಲಿ ಡೇ ಕೇರ್ ಎಷ್ಟು ದಿನ ಮುಚ್ಚುತ್ತಾರೆ ಅಂತಲೂ ಕೇಳಿಟ್ಟುಕೊಳ್ಳಿ, ಆ ವಾರಕ್ಕೆ ಅತ್ತೆಯವರನ್ನು ಮುಂಚೆಯೇ ಕರೆದಿಡಿ. ಮೊಮ್ಮಗಳ ಜೊತೆ ಅರಮನೆ ದೀಪವನ್ನೂ ನೋಡಿದಂತಾಗುತ್ತದೆ.

ಈ ಶನಿವಾರ ಇಬ್ಬರೂ ಒಟ್ಟಿಗೆ ಮೇಟಗಳ್ಳಿ ಕಡೆಯ ಅಂಗನವಾಡಿಯಿಂದ ಶುರು ಮಾಡಿ. ಮಗಳನ್ನೂ ಎತ್ತಿಕೊಂಡು ಹೋಗಿ. ಯಾರ ಹತ್ತಿರ ಹೋದಾಗ ಅವಳು ಮುಖ ನೋಡಿ ನಗುತ್ತಾಳೆ, ಯಾರು ಅವಳ ಹತ್ತಿರ ಮಾತಾಡಿ ಆಮೇಲೆ ನಿಮ್ಮ ಹತ್ತಿರ ಮಾತಾಡುತ್ತಾರೆ, ನೋಡಿಕೊಳ್ಳಿ. ಎರಡು ಮೂರು ಜಾಗ ನೋಡಿ ಬಂದು ನನಗೆ ಮತ್ತೆ ಬರೆಯಿರಿ.